ಉದ್ಯಾನದಲ್ಲಿ ಕಲಿತ ಪಾಠ



ಕೆಲವು ವರ್ಷಗಳ ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ಮಗಳ ಮನೆಯಲ್ಲಿದ್ದಾಗ, ಸಂಜೆ ಸಮೀಪದ ಉದ್ಯಾನಕ್ಕೆ ಹೋಗುವುದು ನನ್ನ ರೂಢಿಯಾಗಿತ್ತು. ಅಲ್ಲಿ ಮೆಕ್ಸಿಕೋ ಮೂಲದ ಹೆಂಗಸರು ಹಾಡಿಗೆ ಹೆಜ್ಜೆ ಹಾಕುತ್ತಿದ್ದರು. ಅದು ಜುಂಬಾ, ಕೊಲಂಬಿಯಾದ ಬೆಟೊ ಪೆರೆಸ್ ರೂಪಿಸಿದ ನೃತ್ಯವ್ಯಾಯಾಮ. ಹೇಳಿಕೊಡುತ್ತಿದ್ದಾಕೆ ಅವರದೇ ಬೀದಿಯ ಗೃಹಿಣಿ.

ಸ್ಪ್ಯಾನಿಷ್ ಬಲ್ಲ ಮಗಳ ಮೂಲಕ ಒಬ್ಬಾಕೆಯನ್ನು ಮಾತನಾಡಿಸಿದೆ. ತಾಯಿಗೆ ಸಕ್ಕರೆ ಕಾಯಿಲೆ; ತನಗೂ ಬರಬಹುದೆಂದು ವೈದ್ಯರು ಎಚ್ಚರಿಸಿದ್ದರಂತೆ. "ಹಗಲೆಲ್ಲ ಪರರ ಮನೆ ಶುಚಿಗೊಳಿಸುತ್ತೇನೆ. ಸಂಜೆ ಮಕ್ಕಳನ್ನು ಬಿಟ್ಟು ನನಗಾಗಿ ಹೊರಟರೆ ತಪ್ಪು ಮಾಡಿದಂತೆನಿಸುತ್ತಿತ್ತು. ನೆರೆಯಾಕೆ ಮಕ್ಕಳೊಡನೆಯೇ ಬಾ ಎಂದಳು, ಬಂದೆ" ಎಂದಳು.

ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ 1974ರಲ್ಲಿ ಆರಂಭವಾದ 'ಸಿಕ್ಲೋವಿಯಾ' ಇಂದಿಗೂ ನಡೆದಿದೆ. ಭಾನುವಾರ ಬೆಳಗ್ಗೆ ನೂರು ಕಿಲೋಮೀಟರಿಗೂ ಮಿಕ್ಕ ರಸ್ತೆಗಳಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಉದ್ಯಾನಗಳಲ್ಲಿ ಉಚಿತ ವ್ಯಾಯಾಮ ತರಗತಿಗಳುಂಟು. ಅಲ್ಲಿ ಸೇರುವವರಲ್ಲಿ ಹೆಂಗಸರೇ ಹೆಚ್ಚು.

ವಾರಕ್ಕೆ ಕನಿಷ್ಠ 150 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕವನ್ನು ಕಲಿಸುವುದು ಸುಲಭ. ಆದರೆ ಹೆಣ್ಣಿಗೆ ಬೇಕಾದುದು ಉಪದೇಶವಲ್ಲ. ಬಿಡುವು, ಜೊತೆ, 'ಇದು ನಿನ್ನ ಹಕ್ಕು' ಎಂಬ ಒಂದು ಮಾತು.

ಆ ಮಾತನ್ನು ನಾನು ಆಡಲಿಲ್ಲ. ಆಟದ ಅವಧಿಯಲ್ಲಿ ಹುಡುಗರನ್ನು ಮೈದಾನಕ್ಕೆ ಕಳುಹಿಸಿ, ಹುಡುಗಿಯರ ಕೈಗೆ ಕಸೂತಿ ಕೊಟ್ಟು ಕೂರಿಸಿದ ಶಿಕ್ಷಕಿ ನಾನೇ. ಅಂದು ಕಿಟಕಿಯಿಂದ ಮೈದಾನ ನೋಡುತ್ತಿದ್ದ ನನ್ನ ಹೆಣ್ಣುಮಕ್ಕಳೇ, ಕ್ಷಮಿಸಿ. ಇಂದು ಸಂಜೆ ಹೊರಡಿ; ಪಕ್ಕದ ಮನೆಯಾಕೆಯನ್ನೂ ಕರೆಯಿರಿ.