ಕೆಳಗಿಳಿದ ಕಂಬಿ

ತರೀಕೆರೆಯ ಚಿಕ್ಕಪ್ಪನ ಮನೆಯ ಬಾಲ್ಕನಿ ಒಡೆಸಿದ ದಿನ ನಾನೂ ಅಲ್ಲಿದ್ದೆ. ಇರಲೇಬೇಕಿತ್ತು, ಅದನ್ನು ಕಟ್ಟಿಸಿದವನೇ ನಾನು. ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಆಗಿತ್ತು. ಸ್ವಂತವಾಗಿ ಮೇಲ್ವಿಚಾರಣೆಗೆ ಹಿಡಿದ ಮೊದಲ ಮನೆ ಅದು. ಮನೆಯವರದ್ದೇ ಆದ್ದರಿಂದ ಫೀಸೂ ಇರಲಿಲ್ಲ, ನನ್ನನ್ನು ಪ್ರಶ್ನಿಸುವವರೂ ಇರಲಿಲ್ಲ.

ಚಿಕ್ಕಪ್ಪನಿಗೆ ಒಂದೇ ಆಸೆ: ಮನೆ ಗಟ್ಟಿಯಾಗಿರಬೇಕು. ಗಟ್ಟಿ ಎಂದರೆ ಅವರ ಲೆಕ್ಕದಲ್ಲಿ ಕಂಬಿ. ಹಾಲ್‌ನ ಎರಡು ಬೀಮ್‌ಗಳಿಗೆ ನಾನು ಅಡಿಯಲ್ಲಿ ಮೂರು ಮೂರು 16 ಎಂಎಂ ಕಂಬಿ ಬರೆದಿದ್ದೆ. ಅವರು ನಕ್ಷೆ ನೋಡಿ, "ಬರೀ ಮೂರೇನೋ? ಆರು ಹಾಕಿಸು, ದುಡ್ಡು ನಾನು ಕೊಡ್ತೀನಿ" ಅಂದರು. ಬೇಡ ಎನ್ನಲು ನನ್ನ ಹತ್ತಿರ ಲೆಕ್ಕವಿತ್ತು, ಧೈರ್ಯವಿರಲಿಲ್ಲ. ಹೆಚ್ಚು ಕಂಬಿ ಹಾಕಿದರೆ ಯಾರಿಗೆ ನಷ್ಟ ಅಂದುಕೊಂಡು ತಲೆಯಾಡಿಸಿದೆ. ಅಲ್ಲಿಗೆ ಸುಮಾರು 47 ಕೆಜಿ ಕಂಬಿ ಹೆಚ್ಚಾಯಿತು.

ಆ ಲೆಕ್ಕ ಏನು ಹೇಳುತ್ತಿತ್ತು ಎಂದರೆ: 230 ಎಂಎಂ ಅಗಲ, 450 ಎಂಎಂ ಎತ್ತರದ ಎಂ20 ಬೀಮ್‌ಗೆ ಕಂಬಿಯನ್ನೇ ಹಾಕದಿದ್ದರೆ ಅದು ಸುಮಾರು 24 ಕಿಲೋನ್ಯೂಟನ್-ಮೀಟರ್ ಬಾಗುಬಲಕ್ಕೇ ಬಿರುಕು ಬಿಡುತ್ತದೆ, ಬಿಟ್ಟ ಕೂಡಲೇ ಎರಡು ತುಂಡು. ಸೀಮೆಸುಣ್ಣ ಒತ್ತಿದರೆ ಮುರಿಯುವುದಿಲ್ಲ, ಬಗ್ಗಿಸಿದರೆ ಪಟ್ ಎನ್ನುತ್ತದಲ್ಲ, ಹಾಗೆ. ಕಾಂಕ್ರೀಟ್ ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ಅದರ ಹತ್ತನೇ ಒಂದು ಪಾಲಷ್ಟೇ. ಬೀಮ್ ಬಾಗಿದಾಗ ಮೇಲ್ಭಾಗ ಕುಗ್ಗುತ್ತದೆ, ತಳ ಹಿಗ್ಗುತ್ತದೆ. ತಳದಲ್ಲಿ ಮೂರು 16 ಎಂಎಂ ಕಂಬಿ (ಫೆ 500) ಕೂತರೆ ಅದೇ ಬೀಮ್ ಸುಮಾರು 90 ಹೊರುತ್ತದೆ, ಅದೂ ಸುರಕ್ಷತೆಯ ಅಂಶ ಕಳೆದ ಮೇಲೆ.

ಹಾಗಾದರೆ ಆರು ಕಂಬಿಗೆ 180 ಇರಬೇಕಲ್ಲವೇ? ಇಲ್ಲ. ಮೇಲಿನ ಸಣ್ಣ ಕಂಬಿಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕಾಂಕ್ರೀಟ್ ಕೆಲಸದ ಭಾರತೀಯ ಸಂಹಿತೆ ಐಎಸ್ 456 ಅಲ್ಲಿ ಒಪ್ಪುವುದು ಸುಮಾರು 103 ಮಾತ್ರ. ಕಬ್ಬಿಣ ಇಮ್ಮಡಿಯಾದರೂ ಬಲ ಹೆಚ್ಚಿದ್ದು ಏಳನೇ ಒಂದು ಪಾಲು. ಕಂಬಿ ಕಡಿಮೆಯಿದ್ದಾಗ ಮೊದಲು ಅದು ಹಿಗ್ಗುತ್ತದೆ. ಬೀಮ್ ಜೋತು ಬೀಳುತ್ತದೆ, ಬಿರುಕು ಕಾಣುತ್ತದೆ, ಮನೆಯವರು ಹೊರಗೆ ಓಡಲು ಸಮಯ ಸಿಗುತ್ತದೆ. ಕಂಬಿ ಅತಿಯಾದರೆ ಅದು ಹಿಗ್ಗುವ ಮುಂಚೆಯೇ ಮೇಲಿನ ಕಾಂಕ್ರೀಟ್ ಪುಡಿಯಾಗುತ್ತದೆ, ಮುನ್ಸೂಚನೆಯೇ ಇಲ್ಲದೆ. ಸಾಲದ್ದಕ್ಕೆ ಒಂದೇ ಸಾಲಿನಲ್ಲಿ ಆರು ಕಂಬಿ ಕಟ್ಟಿದ್ದರಿಂದ ಅವುಗಳ ನಡುವೆ 14 ಎಂಎಂ ಜಾಗವೂ ಉಳಿಯಲಿಲ್ಲ. 20 ಎಂಎಂ ಜಲ್ಲಿ ಅಲ್ಲಿ ಇಳಿಯುವುದಾದರೂ ಹೇಗೆ? ಸೆಂಟ್ರಿಂಗ್ ಬಿಚ್ಚಿದಾಗ ಬೀಮ್‌ನ ತಳ ಜೇನುಹುಟ್ಟಿನಂತೆ ತೂತು ತೂತಾಗಿತ್ತು. ಗಾರೆ ಮೆತ್ತಿಸಿದೆ. ಚಿಕ್ಕಪ್ಪನಿಗೆ ಹೇಳಲಿಲ್ಲ.

ಇಷ್ಟು ಉದಾರಿಯಾದ ನಾನು ಉಳಿತಾಯ ಮಾಡಿದ್ದು ಬಾಲ್ಕನಿಯಲ್ಲಿ. ಒಂದು ಕಡೆ ಮಾತ್ರ ಆಧಾರವಿರುವ ಬಾಲ್ಕನಿಯಲ್ಲಿ ಎಲ್ಲವೂ ತಲೆಕೆಳಗು: ತುದಿ ಕೆಳಗೆ ಜಗ್ಗುವುದರಿಂದ ಹಿಗ್ಗುವುದು ಮೇಲ್ಭಾಗ, ಕಂಬಿಯೂ ಮೇಲೇ ಇರಬೇಕು. 125 ಎಂಎಂ ದಪ್ಪದ ಸ್ಲ್ಯಾಬು, ಗೋಡೆಯಿಂದ 1.2 ಮೀಟರ್ ಹೊರಗೆ, 150 ಎಂಎಂಗೊಂದರಂತೆ 10 ಎಂಎಂ ಕಂಬಿ. ನಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದೆ. ಆದರೆ ಆ ಕಂಬಿಗಳನ್ನು ಎತ್ತಿ ಹಿಡಿಯುವ ಚೇರ್‌ಗಳನ್ನು ಬರೆಯಲಿಲ್ಲ. ಹದಿನೈದು ಚೇರ್ ಸಾಕಿತ್ತು, ಎಲ್ಲ ಸೇರಿ ಆರು ಕೆಜಿ. "ಚೇರ್ ಹಾಕೋದಾ ಸಾರ್?" ಎಂದು ಕಂಬಿ ಕಟ್ಟುವವನು ಕೇಳಿದ್ದ. ಬೀಮ್‌ಗೇ ಕಂಬಿ ಜಾಸ್ತಿ ಹೋಯಿತೆಂಬ ಕಸಿವಿಸಿಯಲ್ಲಿ, "ಕಲ್ಲಿನ ಚೂರು ಕೊಟ್ಟುಬಿಡು" ಅಂದೆ.

ಕಾಂಕ್ರೀಟ್ ಹಾಕಿದ ದಿನ ಮಧ್ಯಾಹ್ನ ನಾನೂ ಚಿಕ್ಕಪ್ಪನೂ ಹೊಂಗೆ ಮರದ ಕೆಳಗೆ ಕಾಫಿ ಕುಡಿಯುತ್ತಿದ್ದೆವು. ಬಾಂಡ್ಲಿ ಹೊತ್ತವರು ಬಾಲ್ಕನಿಯ ಕಂಬಿ ತುಳಿದುಕೊಂಡೇ ಓಡಾಡುತ್ತಿದ್ದರು. ಅವರಲ್ಲೊಬ್ಬಾಕೆ ಮೇಲಿಂದಲೇ ಕೂಗಿ ಹೇಳಿದಳು: "ಸಾರ್, ಕಂಬಿ ಕೆಳಕ್ಕೆ ಕೂತ್ಕಂತಾ ಐತೆ." ನಾನು ಲೋಟ ಕೆಳಗಿಡದೆ, "ಕಾಂಕ್ರೀಟ್ ಬಿದ್ದ ಮೇಲೆ ಸರಿಹೋಗುತ್ತೆ, ಹಾಕ್ತಾ ಹೋಗಿ" ಅಂದೆ. ಇಂಜಿನಿಯರಿಂಗ್ ಓದಿದವನ ಮಾತು ಅದು. ಸರಿಯಾಗಿ ನೋಡಿದವಳು ಅವಳು.

ಇಪ್ಪತ್ತೊಂದು ದಿನಕ್ಕೆ ಆಸರೆಗಂಬ ತೆಗೆಸಿದೆವು. ಬಾಲ್ಕನಿ ನಿಂತಿತು. ಗೋಡೆಗೆ ಸೇರುವಲ್ಲಿ, ಮೇಲ್ಭಾಗದಲ್ಲಿ, ಈ ಕೊನೆಯಿಂದ ಆ ಕೊನೆಯವರೆಗೆ ಕೂದಲೆಳೆಯಂಥ ಗೆರೆ ಕಂಡಿತು. ಬಿಸಿಲಿಗೆ ಬಂದಿದೆ ಎಂದೆ. ಪ್ಯಾರಪೆಟ್ ಗೋಡೆ ಎದ್ದ ಮೇಲೆ ಆ ಗೆರೆಯಲ್ಲಿ ಪೋಸ್ಟ್‌ಕಾರ್ಡಿನ ಅಂಚು ತೂರುತ್ತಿತ್ತು. ಮಳೆಗಾಲದಲ್ಲಿ ಸ್ಲ್ಯಾಬಿನ ಅಡಿಯಿಂದ ನೀರು ತೊಟ್ಟಿಕ್ಕಿತು. ಚಿಕ್ಕಮ್ಮ ಬಟ್ಟೆ ಒಣಹಾಕಲು ಅಲ್ಲಿಗೆ ಹೋಗುವುದನ್ನು ಬಿಟ್ಟರು. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೊನೆಗೆ ಚಿಕ್ಕಪ್ಪ ತಮಗೆ ಪರಿಚಯವಿದ್ದ ಒಬ್ಬ ನಿವೃತ್ತ ಇಂಜಿನಿಯರ್ ಅವರನ್ನು ಕರೆತಂದರು. ಅವರು ಮಾತೇ ಆಡದೆ ಗೋಡೆಯ ಪಕ್ಕ ಕೂತು ಉಳಿ ಸುತ್ತಿಗೆಯಲ್ಲಿ ಬಿರುಕಿನ ಮೇಲೆ ಅಂಗೈಯಗಲ ಕೆತ್ತಿದರು. 25 ಎಂಎಂ ಇಳಿಯುವುದರೊಳಗೆ ಸಿಗಬೇಕಿದ್ದ ಕಂಬಿ ಸಿಕ್ಕಿದ್ದು 70ರಲ್ಲಿ. ಟೇಪನ್ನು ನನ್ನ ಕೈಗೆ ಕೊಟ್ಟು, "ನೀವೇ ಓದಿ" ಎಂದರು. ಎಪ್ಪತ್ತು ಎಂದು ಬಾಯಿಬಿಟ್ಟು ಓದಿದೆ, ಚಿಕ್ಕಪ್ಪನ ಎದುರಿಗೆ.

ರಾತ್ರಿ ಲೆಕ್ಕ ಹಾಕಿದೆ. ಕಂಬಿ ತನ್ನ ಜಾಗದಲ್ಲಿದ್ದಿದ್ದರೆ ಒಂದು ಮೀಟರ್ ಅಗಲಕ್ಕೆ ಸುಮಾರು 19.7 ಕಿಲೋನ್ಯೂಟನ್-ಮೀಟರ್. ಇದ್ದ ಜಾಗದಲ್ಲಿ ಸಂಹಿತೆ ಒಪ್ಪುವುದು ಸುಮಾರು 6.6. ಜನ, ಪ್ಯಾರಪೆಟ್, ಸ್ವಂತ ಭಾರ ಎಲ್ಲ ಸೇರಿ ಬೀಳುವುದೂ ಹತ್ತಿರ ಹತ್ತಿರ ಅಷ್ಟೇ. ಅಂದರೆ ಬೀಳದೆ ನಿಂತಿದ್ದದ್ದು ಸುರಕ್ಷತೆಗೆಂದು ಬಿಟ್ಟ ಅಂಚನ್ನು ತಿಂದುಕೊಂಡು. ಒಂದು ಗ್ರಾಂ ಕಬ್ಬಿಣವೂ ಕಡಿಮೆಯಾಗಿರಲಿಲ್ಲ. ಬಿಲ್ಲು ಸರಿ, ತೂಕ ಸರಿ, ಬ್ರ್ಯಾಂಡೂ ಸರಿ. ಎಳೆತಕ್ಕೂ ಒತ್ತಡಕ್ಕೂ ನಡುವಿನ ಅಂತರ ಮಾತ್ರ ಕಾಲ್ತುಳಿತಕ್ಕೆ ಸಿಕ್ಕಿ ಕರಗಿತ್ತು.

ಹೂಕುಂಡಕ್ಕೆ ತಂತಿ ಸೇರಿಸಿ 1867ರಲ್ಲಿ ಪೇಟೆಂಟ್ ಪಡೆದ ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೇ ಕೂಡ ಕಂಬಿಯನ್ನು ದಪ್ಪದ ನಡುವೆಯೇ ಇಡುತ್ತಿದ್ದ. ಅದು ಎಳೆತ ಬೀಳುವ ಕಡೆಗಿರಬೇಕೆಂದು ಜರ್ಮನಿಯ ಮಥಿಯಾಸ್ ಕೋನೆನ್ 1886ರಲ್ಲಿ ಲೆಕ್ಕ ಹಾಕಿ ತೋರಿಸಿದ. ಮೋನಿಯೇಗೆ ಆ ಲೆಕ್ಕ ಗೊತ್ತಿರಲಿಲ್ಲ. ನಾನದನ್ನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ.

ಒಡೆಯಲು ಎರಡು ದಿನ ಹಿಡಿಯಿತು. ಹೊಸ ಬಾಲ್ಕನಿಯ ಖರ್ಚನ್ನು ಹಟ ಮಾಡಿ ನಾನೇ ಕೊಟ್ಟೆ. ಕಾಂಕ್ರೀಟ್ ಹಾಕುವಾಗ ಕಂಬಿಯ ಮೇಲೆ ಹಲಗೆ ಹಾಸಿಸಿ, ಟೇಪು ಹಿಡಿದು ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದೆ. ಚಿಕ್ಕಪ್ಪ ಕೆಳಗಿಂದ ಕಾಫಿಗೆ ಕರೆದರು. ಹೋಗಲಿಲ್ಲ.

ಹಳೆಯ ಕಂಬಿಗಳನ್ನು ಚಿಕ್ಕಮ್ಮ ಗುಜರಿಗೆ ಹಾಕಲು ಬಿಡಲಿಲ್ಲ. ಹಿತ್ತಲಲ್ಲಿ ಮಲ್ಲಿಗೆ ಬಳ್ಳಿಗೆ ಚಪ್ಪರ ಮಾಡಿಸಿದ್ದಾರೆ. ಹೋದ ಸಲ ಹೋದಾಗ ಹೂ ಬಿಡಿಸುತ್ತಾ ಅದನ್ನು ತೋರಿಸಿ ನಕ್ಕರು: "ನೋಡೋ, ಇಲ್ಲಾದ್ರೂ ಮೇಲೇ ನಿಂತಿದಾವೆ."