ದೊಣೆಯ ನೀರಿಗೆ ಮುಖವಿಟ್ಟು

ಕಾರವಾರ, ಕುಮಟೆಯ ಕಡೆ ಕಡಲು ದಿನಕ್ಕೆರಡು ಸಲ ಹಿಂದೆ ಸರಿದು ಬಂಡೆಯ ಕುಳಿಗಳನ್ನು ತೆರೆದಿಟ್ಟು ಹೋಗುತ್ತದೆ. ಒಳಗೆ ಏಡಿ, ಚಿಪ್ಪಿನ ಹುಳು, ಸಿಕ್ಕಿಬಿದ್ದ ಮರಿಮೀನು. ಕೈವಾರದ ನಮಗೆ ಆ ಭಾಗ್ಯ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಬರುತ್ತದೆ. ಭರಣಿ ಒಂದು ಸಲ ಗಟ್ಟಿಯಾಗಿ ಹೊಯ್ದರೆ ಸಾಕು, ಬೆಟ್ಟದ ಹಾಸುಬಂಡೆಯ ಮೇಲಿನ ದೊಣೆಗಳೆಲ್ಲ ತುಂಬುತ್ತವೆ, ಬಿಸಿಲಿಗೆ ಬತ್ತುತ್ತವೆ, ಉತ್ತರೆ, ಹಸ್ತಕ್ಕೆ ಮತ್ತೆ ತುಂಬುತ್ತವೆ. ಮಳೆ ನಿಂತು ವಾರ ಕಳೆದ ಮೇಲೆ, ಬಂಡೆ ಕಾಯುವ ಮುಂಚೆ ಹತ್ತಿಹೋಗಿ ದೊಣೆಯ ಅಂಚಿನಲ್ಲಿ ಬೋರಲು ಮಲಗಿ ನೀರೊಳಗೆ ನೋಡುವುದಿದೆಯಲ್ಲ, ಅದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ.

ಭೀಮ ಬಕಾಸುರನನ್ನು ಕೊಂದದ್ದು ಈ ಬೆಟ್ಟದಲ್ಲೇ ಎಂದು ನಮ್ಮೂರಿನ ನಂಬಿಕೆ. ಇಲ್ಲಿನ ಸಂತ ತಾತಯ್ಯನ ದರ್ಶನಕ್ಕೆ ಬಂದವರಲ್ಲಿ ಕೆಲವರು ಬೆಟ್ಟವನ್ನೂ ಹತ್ತುತ್ತಾರೆ. ದೊಣೆಯ ಹತ್ತಿರ ಕೂರುವವರು ಕಡಿಮೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಕಣಶಿಲೆಯಲ್ಲಿ ಎಲ್ಲೋ ಒಂದು ಸಣ್ಣ ತಗ್ಗು, ಅದರಲ್ಲಿ ನಿಂತ ನೀರು, ನೀರಿಗೆ ಸಡಿಲಗೊಂಡ ಕಲ್ಲಿನ ಹರಳು, ಹರಳನ್ನು ಬೇಸಿಗೆಯಲ್ಲಿ ಹೊತ್ತೊಯ್ಯುವ ಗಾಳಿ: ದೊಣೆ ಆಳವಾಗುವುದು ಹೀಗೆ.

ನೆರಳು ನೀರಿನ ಮೇಲೆ ಬೀಳದಂತೆ ಮಲಗಬೇಕು. ಮೊದಲು ಏನೂ ಕಾಣುವುದಿಲ್ಲ. ಕಣ್ಣು ಪಳಗಿದ ಮೇಲೆ ಗಾಜಿನಷ್ಟು ತಿಳಿಯಾದ, ಬೆರಳಿನ ಒಂದು ಗೆಣ್ಣಿನಷ್ಟುದ್ದದ ಸೀಗಡಿಯೊಂದು ಅಂಗಾತ ಈಜುತ್ತಾ ಹೊರಬರುತ್ತದೆ. ಇದರ ಬಳಗದ ಸ್ಟ್ರೆಪ್ಟೊಸೆಫಾಲಸ್ ಡೈಕೋಟಮಸ್ ದಕ್ಷಿಣ ಭಾರತದ ಮಳೆಹೊಂಡಗಳಿಗೆ ಹೆಸರಾದದ್ದು. 11 ಜೊತೆ ಕಾಲು ಅಲೆಅಲೆಯಾಗಿ ಬಡಿಯುತ್ತಲೇ ಇರುತ್ತವೆ. ಈಜು, ಉಸಿರು, ಊಟ ಮೂರೂ ಆ ಕಾಲುಗಳಿಂದಲೇ. ಹೆಣ್ಣಾದರೆ ಕಾಲುಗಳ ಹಿಂದೆ ಮೊಟ್ಟೆಚೀಲ ಕಾಣುತ್ತದೆ. ಭೂತಗನ್ನಡಿ ಹಿಡಿದು ಆ ಚೀಲ ನೋಡಿದ ಹೊತ್ತು ಹೊಟ್ಟೆಯ ಹಸಿವೂ ನೆನಪಾಗುವುದಿಲ್ಲ.

ನೀರು ಬತ್ತಿದರೆ ತಾಯಿ ಸಾಯುತ್ತದೆ. ಮೊಟ್ಟೆ ಮಾತ್ರ ತಳದ ದೂಳಿನಲ್ಲಿ ವರ್ಷಗಟ್ಟಲೆ ಒಣಗಿಯೂ ಬದುಕಿರುತ್ತದೆ. ಮಳೆ ಬಿದ್ದರೆ ಒಂದೆರಡು ದಿನದಲ್ಲೇ ಮರಿ. ಆದರೆ ಎಲ್ಲ ಮೊಟ್ಟೆಯೂ ಮೊದಲ ಮಳೆಗೇ ಒಡೆಯುವುದಿಲ್ಲ. ಮಳೆಯನ್ನು ನಂಬಿ ಕಡಲೆಕಾಯಿ ಬೀಜವನ್ನೆಲ್ಲ ಒಂದೇ ಸಲ ಬಿತ್ತದ ಚಿಂತಾಮಣಿ ಸೀಮೆಯ ರೈತನ ಹಾಗೆ, ಅರ್ಧ ಮನೆಯಲ್ಲಿ ಉಳಿಸಿಕೊಂಡಿರುತ್ತದೆ ಆ ಸಂತಾನ. ಮಳೆ ಕೈಕೊಡುವ ಸೀಮೆಯಲ್ಲಿ ಬದುಕುವುದನ್ನು ಇದಕ್ಕಿಂತ ಚೆನ್ನಾಗಿ ಬಲ್ಲವರಿಲ್ಲ.

ಕೆಸರಿನಲ್ಲಿ ಹೊಂಚುಹಾಕಿ ಕೂತ ಇನ್ನೊಂದಿದೆ: ಹಳದಿ ಏರೋಪ್ಲೇನ್ ಚಿಟ್ಟೆಯ ಮರಿ. ಕೆಳದವಡೆಯನ್ನು ಫಕ್ಕನೆ ಮುಂದೆ ಚಾಚಿ ಗೊದಮೊಟ್ಟೆ ಹಿಡಿಯುತ್ತದೆ. ಮೀನಿಲ್ಲದ ಇಂಥ ಅಲ್ಪಾಯುಷಿ ನೀರೇ ಅದಕ್ಕೆ ಬೇಕು. ಅಕ್ಟೋಬರ್ ಹೊತ್ತಿಗೆ ಮಾಲ್ದೀವ್ಸ್ ದ್ವೀಪಗಳ ಮೇಲೆ ಗುಂಪುಗುಂಪಾಗಿ ಕಾಣುವ ಈ ಜಾತಿ ಭಾರತದಿಂದ ಹೊರಟು ಪೂರ್ವ ಆಫ್ರಿಕದವರೆಗೆ ಹಾರುತ್ತದೆ ಎಂದು ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಬರೆದರು. ಕಡಲನ್ನೇ ಕಾಣದ ನಮ್ಮ ಬೆಟ್ಟದ ಬೊಗಸೆ ನೀರಿನಲ್ಲಿ ಕಡಲು ದಾಟುವ ಜಾತಿ ಬೆಳೆಯುತ್ತಿದೆ! ಇದನ್ನು ಓದಿದಾಗಿನಿಂದ ಆ ಮರಿಯನ್ನು ನೋಡುವ ನನ್ನ ಕಣ್ಣೇ ಬೇರೆಯಾಗಿದೆ.

ಕ್ವಾರಿಗಳು ನಮ್ಮ ಜಿಲ್ಲೆಯ ಎಷ್ಟೋ ಗುಡ್ಡಗಳನ್ನು ಜಲ್ಲಿ ಮಾಡಿ ಸಾಗಿಸಿವೆ. ದೊಣೆಗಳೂ ಅವುಗಳ ಜೊತೆಗೇ ಹೋದವು. ಉಳಿದವುಗಳ ಬಗ್ಗೆ ಒಂದು ಕೋರಿಕೆ. ಬೇಸಿಗೆಯಲ್ಲಿ ಒಣಗಿದ ದೊಣೆ ಕಂಡರೆ ತಳದ ಮಣ್ಣು ಬಳಿದು ಚೊಕ್ಕಟ ಮಾಡಬೇಡಿ, ಸೋಪು ಹಚ್ಚಿದ ಕೈಯನ್ನು ನೀರಿಗೆ ಅದ್ದಬೇಡಿ. ಹಸ್ತದ ಮಳೆ ಚೆನ್ನಾಗಿ ಆದ ವರ್ಷ ದೀಪಾವಳಿಯ ಹೊತ್ತಿಗೂ ನೀರಿರುತ್ತದೆ. ನೋಡುವ ಆಸೆಯಿದ್ದರೆ ಆಗ ಬನ್ನಿ, ಭೂತಗನ್ನಡಿ ತನ್ನಿ.