ಆರು ಎಂ.ಎಲ್. ಆಸಿಡ್ಡಿನ ಲೆಕ್ಕ

ನಮ್ಮ ಮಡಕಶಿರಾ ಸೀಮೆಯಲ್ಲಿ ತೋಟಕ್ಕೆ ನೀರು ಅಂದರೆ ಬೋರಿನ ನೀರು. ನನ್ನ ಬೋರಿನ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಸುಣ್ಣ ಕೂರುತ್ತೆ. ಅದೇ ಸುಣ್ಣ ನನ್ನ ಹಿಪ್ಪುನೇರಳೆ ತೋಟದ ಡ್ರಿಪ್ ಪೈಪಿನೊಳಗೂ ಕಟ್ಟಿತ್ತು. ಸಾಲಿನ ಮೊದಲ ಗಿಡ ಹಸಿರು, ಕೊನೆಯ ಗಿಡ ಒಣಗು. ಹುಳ ನಾಲ್ಕನೇ ಜ್ವರ ಎದ್ದಿದ್ದವು, ಸೊಪ್ಪು ಸಾಲಲಿಲ್ಲ.

ಯಾರೋ ಅಂದರು ಅಂತ ಹೈಡ್ರೋಕ್ಲೋರಿಕ್ ಆಸಿಡ್ ತಂದೆ. ಖಾಲಿ ಬಕೆಟ್ಟಿಗೆ ಆಸಿಡ್ ಸುರಿದು ಮೇಲೆ ನೀರು ಹುಯ್ದೆ. ಸಿಡಿದು ಕೈ ಸುಟ್ಟಿತು, ಹೊಗೆ ಗಂಟಲಿಗೆ ಹೊಕ್ಕಿತು. ಹದಿನೈದು ದಿನ ಒಂದು ಪದ ಹಾಡಕ್ಕಾಗಲಿಲ್ಲ. ಅಂದಾಜಿಗೆ ಬಿಟ್ಟ ಆಸಿಡ್ ಕಮ್ಮಿಯಾಗಿ ಪೈಪೂ ಬಿಡಲಿಲ್ಲ.

ಇಂಟರ್ ಓದುವ ಮೊಮ್ಮಗಳು ಬೈದಳು. "ತಾತ, ಮೊದಲು ನೀರು, ಆಮೇಲೆ ಆಸಿಡ್. ಲೆಕ್ಕ ಇಲ್ದೆ ಹಾಕಬ್ಯಾಡ."

10 ಲೀಟರ್ ಬೋರಿನ ನೀರು ಇಟ್ಟಳು. ಪಿಎಚ್ ಕಾಗದ 8 ತೋರಿಸಿತು. ಸಿರಿಂಜಿನಲ್ಲಿ 3 ಎಂ.ಎಲ್. ಆಸಿಡ್ ಬಿಟ್ಟಳು, 6ರ ಮೇಲೇ ನಿಂತಿತು. "ಇಷ್ಟು ಹಾಕಿದರೂ ಇಳೀಲಿಲ್ವಲ್ಲೇ?" ಅಂದೆ. ನೀರಿನಲ್ಲಿ ಬೈಕಾರ್ಬೊನೇಟ್ ಇದೆಯಂತೆ, ಅದು ದುರ್ಬಲ ಪ್ರತ್ಯಾಮ್ಲ. ಬಿಟ್ಟ ಆಸಿಡ್ಡನ್ನು ಅದು ತಿಂದು ಗಾಳಿ ಮಾಡಿ ಬಿಡುತ್ತೆ, ಸೋಡಾ ಗುಳ್ಳೆಯ ಗಾಳಿಯೇ ಅದು. ಅರ್ಧ ಮುಗಿದಾಗ ಪಿಎಚ್ ಸುಮಾರು 6.4. ಪೂರಾ ಮುಗಿಯೋವರೆಗೂ ನಿಧಾನ, ಮುಗಿದ ಮೇಲೆ ಒಂದೆರಡು ಹನಿಗೇ ದಡಕ್ಕನೆ ಬೀಳುತ್ತೆ. 6 ಎಂ.ಎಲ್.ಗೆ ಕಾಗದ ಕಿತ್ತಳೆಯಾಗಿ 4ಕ್ಕೆ ಬಂತು. ಒಂದು ಅಂಕಿ ಇಳಿದರೆ ಹುಳಿ ಹತ್ತುಪಟ್ಟು ಅಂತಲೂ ಹೇಳಿದಳು.

ಇನ್ನು ಉಳಿದದ್ದು ಏಳನೇ ಕ್ಲಾಸಿನ ಲೆಕ್ಕ, ಅದು ನನಗೂ ಬರುತ್ತೆ. ಪಂಪು ಗಂಟೆಗೆ 5,000 ಲೀಟರ್ ಎತ್ತುತ್ತೆ. ಕಾಲು ಗಂಟೆಗೆ 1,250 ಲೀಟರ್. 10 ಲೀಟರಿಗೆ 6 ಆದರೆ 1,250ಕ್ಕೆ 750 ಎಂ.ಎಲ್.

ಮೂಗಿಗೆ ಬಟ್ಟೆ, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಹಾಕ್ಕೊಂಡು ವೆಂಚುರಿಯಲ್ಲಿ ಬಿಟ್ಟೆವು. ಒಂದು ದಿನ ಹಾಗೇ ನಿಲ್ಲಿಸಿ, ಮಾರನೇ ದಿನ ಪೈಪಿನ ತುದಿ ಬಿಚ್ಚಿದರೆ ಹಾಲಿನಂಥ ನೀರು ಹರೀತು. ಕೊನೆ ಗಿಡಕ್ಕೂ ಹನಿ ಬಿತ್ತು.

ಆ ಬೆಳೆಯ ಹುಳ ಹೋದದ್ದು ಹೋಯಿತು. ನಿಮ್ಮ ನೀರಿಗೆ ನನ್ನ 6 ಎಂ.ಎಲ್. ಸರಿಯಾಗಲ್ಲ, ಬೋರಿಗೊಂದು ಲೆಕ್ಕ. ಮೇಷ್ಟ್ರುಗಳು ಮಕ್ಕಳಿಗೆ ಒಂದು ಸಾರಿ ಊರ ಬೋರುಗಳ ನೀರಿಗೆ ಪಿಎಚ್ ಕಾಗದ ಅದ್ದಿಸಲಿ. ಆಸಿಡ್ ಮುಟ್ಟೋ ಕೆಲಸ ದೊಡ್ಡವರು ಮಾಡಲಿ.